ಯುದ್ಧಕಾಲದ ಕೊಲೆಗೆ ಪತ್ತೇದಾರಿ ಸಿನಿಮಾ: ಬೇಕೆ, ಬೇಡವೆ?

ಕಾಸರಗೋಡಿನ ಕೆಲವು ಕನ್ನಡ ಯುವಕರು ಎರಡನೇ ಮಹಾಯುದ್ಧದ ಕಾಲದ ನಮ್ಮ ಊರನ್ನೇ ಹಿನ್ನೆಲೆಯಾಗಿಟ್ಟುಕೊಂಡು ಒಂದು ಕ್ರೈಂ ಥ್ರಿಲ್ಲರ್ ಚಿತ್ರಕಥೆ ಬರೆಯುತ್ತಿದ್ದಾರೆ. ಅದನ್ನು ಓದಿ ಹೇಳಿದ ದಿನ ಕೇಳಲು ಬಂದವರಲ್ಲಿ ಎರಡು ಪಕ್ಷವಾಯಿತು. ಲಕ್ಷಗಟ್ಟಲೆ ಜನ ಸಾಯುವ ಕಾಲದಲ್ಲಿ ಒಂದೇ ಒಂದು ಕೊಲೆಯ ಬೆನ್ನು ಹತ್ತುವ ಕಥೆ ಸರಿಯೆ? ಇಬ್ಬರಿಂದ ಬರೆಸಿದ್ದೇವೆ.

ಪರ
ಪ್ರತಿ ಹೆಣಕ್ಕೂ ಒಂದು ಮಹಜರು
(ಕಾಸರಗೋಡಿನ ಒಬ್ಬ ಕ್ರಿಮಿನಲ್ ವಕೀಲರು)

ವಾರ್ಸಾ ನಗರ, 1942. ಜರ್ಮನ್ ಸೈನ್ಯದ ವಶದಲ್ಲಿರುವ ಊರು. ಹಳೆಯ ಕಟ್ಟಡವೊಂದರಲ್ಲಿ ಒಬ್ಬ ವೇಶ್ಯೆಯ ಕೊಲೆಯಾಗುತ್ತದೆ. ಕೊಲೆಗಾರ ಮೆಟ್ಟಿಲಿಳಿದು ಹೋಗುವಾಗ ಅಡಗಿ ಕೂತವನೊಬ್ಬ ಬಾಗಿಲ ಸಂದಿಯಿಂದ ನೋಡುತ್ತಾನೆ. ಅವನಿಗೆ ಮುಖ ಕಾಣುವುದಿಲ್ಲ, ಪ್ಯಾಂಟಿನ ಬದಿಯ ಕೆಂಪು ಪಟ್ಟಿ ಮಾತ್ರ ಕಾಣುತ್ತದೆ. ಅಂಥ ಪಟ್ಟಿ ಇರುವುದು ಜನರಲ್‌ಗಳ ಪ್ಯಾಂಟಿಗೆ. ಆ ರಾತ್ರಿ ಎಲ್ಲಿದ್ದೆವೆಂದು ಹೇಳಲಾಗದ ಜನರಲ್‌ಗಳು ಮೂವರು. ಮೇಜರ್ ಗ್ರಾವ್ ಎಂಬ ಅಧಿಕಾರಿ ಮೂವರ ಬೆನ್ನೂ ಹತ್ತುತ್ತಾನೆ. ಅನಾತೋಲ್ ಲಿತ್ವಾಕ್ ನಿರ್ದೇಶಿಸಿದ ‘ದಿ ನೈಟ್ ಆಫ್ ದಿ ಜನರಲ್ಸ್’ 1967ರ ಸಿನಿಮಾ, ಗ್ರಾವ್ ಆದವನು ಒಮರ್ ಷರೀಫ್. ಸಾವಿರಾರು ಜನ ಸಾಯುತ್ತಿರುವ ಊರಿನಲ್ಲಿ ಈ ಒಬ್ಬಳ ಸಾವಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆ ಆ ಮನುಷ್ಯನ ಹಿಂದೆಯೇ ಸುತ್ತುತ್ತದೆ.

ಚಿತ್ರಕಥೆ ಓದಿದ ದಿನ ನಮ್ಮಲ್ಲೂ ಅದೇ ಪ್ರಶ್ನೆ ಬಂತು. ನನ್ನ ಉತ್ತರ ನನ್ನ ಕೆಲಸದಿಂದಲೇ ಬರುವಂಥದ್ದು.

ಅಸಹಜ ಸಾವಾದರೆ ಪೊಲೀಸರು ಮೊದಲು ಮಾಡಬೇಕಾದ್ದು ಶವದ ಮಹಜರು. ಹೆಣದ ತಲೆ ಯಾವ ದಿಕ್ಕಿಗಿತ್ತು, ಕೈ ಮುಷ್ಟಿ ಬಿಗಿದಿತ್ತೆ, ಅಂಗಿಯ ಬಣ್ಣ ಯಾವುದು, ಯಾವ ಗುಂಡಿ ಕಿತ್ತು ಹೋಗಿದೆ, ಎಲ್ಲವನ್ನೂ ಬರೆಯುತ್ತಾರೆ. ಚಂದ್ರಗಿರಿ ಹೊಳೆಯಲ್ಲಿ ತೇಲಿ ಬಂದ, ಹೆಸರೂ ಗೊತ್ತಿಲ್ಲದ ಒಬ್ಬನ ಮಹಜರು ಓದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜೇಬಿನಲ್ಲಿ ಒದ್ದೆಯಾದ ಬೀಡಿ ಕಟ್ಟು. ಎಡಗಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಚೂರು, ಅದರ ಅಡಿಯಲ್ಲಿ ಮಾಗುತ್ತಿದ್ದ ಗಾಯ. ಅವನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಆದರೂ ಸರಕಾರದ ಒಬ್ಬ ನೌಕರ ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವನ ಹೆಬ್ಬೆರಳನ್ನು ನೋಡಿ ಕಾಗದಕ್ಕಿಳಿಸಿದ್ದ. ನಾಗರಿಕತೆ ಅಂತ ಏನಾದರೂ ಉಂಟಾದರೆ ಅದು ಇಲ್ಲಿದೆ ಅಂತ ನನಗೆ ಅನಿಸಿತ್ತು.

ಯುದ್ಧ ಬಂದಾಗ ಮೊದಲು ನಿಲ್ಲುವುದು ಈ ಮಹಜರು. ಹೆಣಗಳನ್ನು ಒಟ್ಟಿಗೆ ಎಣಿಸುತ್ತಾರೆ, ಒಟ್ಟಿಗೆ ಹೂಳುತ್ತಾರೆ. ಯುದ್ಧದ ಸಿನಿಮಾಗಳೂ ಹಾಗೆಯೇ ಎಣಿಸುತ್ತವೆ: ಬಾಂಬು ಬಿತ್ತು, ಊರು ಉರಿಯಿತು, ಕ್ಯಾಮೆರಾ ಮೇಲಿನಿಂದ ತೋರಿಸಿತು. ಪತ್ತೇದಾರಿ ಕಥೆಯ ಜಾತಿಯೇ ಬೇರೆ. ಒಂದು ಹೆಣದ ಮುಂದೆ ಕೂರದೆ ಅದು ಮುಂದಕ್ಕೆ ಹೋಗಲಾರದು. ಇವಳನ್ನು ಕೊಂದವರು ಯಾರು, ಯಾಕೆ, ಎಷ್ಟು ಗಂಟೆಗೆ ಎಂದು ಕೇಳಲೇಬೇಕು. ಯುದ್ಧದ ನಡುವೆ ಆ ಪ್ರಶ್ನೆ ಕೇಳುವ ಧೈರ್ಯ ಉಳಿದ ಯಾವ ಬಗೆಯ ಸಿನಿಮಾಕ್ಕೂ ಇಲ್ಲ.

ಇದೆಲ್ಲ ಬರಹಗಾರರ ಕಲ್ಪನೆ ಅಂತ ತಿಳಿಯಬೇಡಿ. ಯುದ್ಧ ಕೊಲೆಗಾರರಿಗೆ ಕತ್ತಲೆ ಕೊಡುತ್ತದೆ, ಅಕ್ಷರಶಃ. 1942ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ವೈಮಾನಿಕ ದಾಳಿಯ ಹೆದರಿಕೆಗೆ ದೀಪ ಆರಿಸಿದ ರಾತ್ರಿಗಳಲ್ಲಿ ಗಾರ್ಡನ್ ಕಮಿನ್ಸ್ ಎಂಬ ವಾಯುಪಡೆಯವನು ಆರು ದಿನದೊಳಗೆ ನಾಲ್ವರು ಹೆಂಗಸರನ್ನು ಕೊಂದ. ಅದೇ ವರ್ಷ ಜೂನ್‌ನಲ್ಲಿ ಅವನಿಗೆ ಗಲ್ಲಾಯಿತು. ಅದಕ್ಕೂ ಮುಂಚೆ ಬರ್ಲಿನ್ನಿನ ಲೋಕಲ್ ರೈಲುಗಳ ಕತ್ತಲೆಯಲ್ಲಿ ಪೌಲ್ ಓಗೊರ್ಟ್ಸೋ ಎಂಬ ರೈಲ್ವೆ ನೌಕರ ಎಂಟು ಹೆಂಗಸರನ್ನು ಕೊಂದಿದ್ದ. ಅವನು ನಾಜಿ ಪಕ್ಷದ ಸದಸ್ಯ. ಪೊಲೀಸರು ಮೊದಲು ಅನುಮಾನಪಟ್ಟಿದ್ದು ವಿದೇಶಿ ಕೂಲಿಯವರ ಮೇಲೆ, ಯಹೂದಿಗಳ ಮೇಲೆ. ತಮ್ಮವನೇ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ.

ಇನ್ನು ಪ್ಯಾರಿಸ್. ಮಾರ್ಸೆಲ್ ಪೆತಿಯೋ ಎಂಬ ವೈದ್ಯ ಜರ್ಮನರಿಂದ ತಪ್ಪಿಸಿಕೊಂಡು ಓಡಬೇಕಾದ ಜನರಿಗೆ, ಮುಖ್ಯವಾಗಿ ಯಹೂದಿಗಳಿಗೆ, ಅರ್ಜೆಂಟೀನಾಕ್ಕೆ ದಾಟಿಸುತ್ತೇನೆಂದು ಆಸೆ ಹುಟ್ಟಿಸಿ ಮನೆಗೆ ಕರೆಸುತ್ತಿದ್ದ. ಅವರು ಕೈಯಲ್ಲಿದ್ದ ಚಿನ್ನ, ಹಣ ಎಲ್ಲ ಹಿಡಿದುಕೊಂಡೇ ಬರುತ್ತಿದ್ದರು. 1944ರ ಮಾರ್ಚ್‌ನಲ್ಲಿ ಚಿಮಣಿಯ ದುರ್ನಾತ ತಡೆಯಲಾರದೆ ನೆರೆಯವರು ದೂರಿದಾಗ ಒಳಗೆ ಹೆಣಗಳು ಸಿಕ್ಕಿದವು. ಆಗ ಸ್ಥಳಕ್ಕೆ ಬಂದ ಪೆತಿಯೋ ಹೇಳಿದ್ದು ಇಷ್ಟೆ: ಇವು ಜರ್ಮನರ ಮತ್ತು ದೇಶದ್ರೋಹಿಗಳ ಹೆಣ. ದೇಶಭಕ್ತಿಯ ಆ ಒಂದು ಮಾತಿಗೆ ಪೊಲೀಸರು ಅವನನ್ನು ಬಿಟ್ಟು ಕಳಿಸಿದರು! ಕೊನೆಗೆ ಸಿಕ್ಕಿಬಿದ್ದು, ಇಪ್ಪತ್ತಾರು ಕೊಲೆಗಳ ಅಪರಾಧ ಸಾಬೀತಾಗಿ, 1946ರ ಮೇ ತಿಂಗಳಲ್ಲಿ ಅವನ ತಲೆ ಕಡಿದರು. ದೊಡ್ಡ ಕೊಲೆ ನಡೆಯುವಾಗ ಸಣ್ಣ ಕೊಲೆ ಅದರ ಸೆರಗಿನಲ್ಲಿ ಅಡಗುವ ಬಗೆಯನ್ನು ಈ ಪ್ರಕರಣಕ್ಕಿಂತ ಚೆನ್ನಾಗಿ ಯಾವ ಇತಿಹಾಸದ ಪಾಠ ಹೇಳೀತು? ಇದನ್ನು ಥ್ರಿಲ್ಲರ್ ಅಲ್ಲದೆ ಬೇರೆ ಹೇಗೆ ಹೇಳುತ್ತೀರಿ?

ಈಗ ನಮ್ಮ ನೆಲಕ್ಕೆ ಬರೋಣ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕು. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿಕೊಂಡ ಸುಬ್ಬರಾಯನ್ ಎಂಬ ಪೊಲೀಸಿನವನು ಹೊಳೆಗೆ ಹಾರಿ ಸತ್ತ. ಅದು ಕೊಲೆ ಎಂದು ಕೇಸಾಯಿತು, ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಮಠತ್ತಿಲ್ ಅಪ್ಪು, ಕುಂಞಂಬು ನಾಯರ್, ಚಿರುಕಂಡನ್, ಅಬೂಬಕರ್, ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಐದನೆಯವನು ಪ್ರಾಯಕ್ಕೆ ಬಂದಿರಲಿಲ್ಲ ಎಂಬ ಕಾರಣಕ್ಕೆ ಉಳಿದ. ನೀಲೇಶ್ವರದಲ್ಲಿ ಓದಿದ್ದ ನಿರಂಜನರು ಇದನ್ನೇ ಇಟ್ಟುಕೊಂಡು ‘ಚಿರಸ್ಮರಣೆ’ ಕಾದಂಬರಿ ಬರೆದ ಮೇಲೆ ಕನ್ನಡ ಓದುವ ಯಾರಿಗೂ ಇದು ಹೊಸ ಸಂಗತಿಯಲ್ಲ.

ಆದರೆ ಅದೇ 1943ರಲ್ಲಿ ಬಂಗಾಳದಲ್ಲಿ ಏನಾಯಿತು? ಬರಗಾಲದಲ್ಲಿ ಸತ್ತವರು 15 ಲಕ್ಷ ಎಂದು ಸರಕಾರ ನೇಮಿಸಿದ ಆಯೋಗವೇ ಹೇಳಿತು. 30 ಲಕ್ಷ ಎನ್ನುವ ವಿದ್ವಾಂಸರಿದ್ದಾರೆ. ದೋಣಿಗಳನ್ನು ಸರಕಾರ ಕಿತ್ತುಕೊಂಡಿತ್ತು, ಜಪಾನಿಯರ ಕೈಗೆ ಸಿಗಬಾರದೆಂದು. ಅಕ್ಕಿಯನ್ನು ದಾಸ್ತಾನುದಾರರು ಅಡಗಿಸಿದ್ದರು, ಬೆಲೆ ಏರಲೆಂದು. ಆ ಲಕ್ಷಾಂತರ ಸಾವಿಗೆ ಎಲ್ಲಾದರೂ ಒಂದು ಕೊಲೆ ಕೇಸು? ಒಬ್ಬನಿಗೆ ಗಲ್ಲು? ಒಬ್ಬ ಪೊಲೀಸಿನವನ ಸಾವಿಗೆ ನಾಲ್ಕು ಕುತ್ತಿಗೆ ಬೇಕಾದ ಕಾನೂನಿಗೆ ಬಂಗಾಳದ ರಸ್ತೆ ಬದಿಯ ಹೆಣಗಳು ಕಾಣಲೇ ಇಲ್ಲ. ಯಾವ ಸಾವಿಗೆ ತನಿಖೆ, ಯಾವ ಸಾವಿಗೆ ಮೌನ ಎಂದು ತೀರ್ಮಾನಿಸುವವರು ಯಾರು? ಯುದ್ಧಕಾಲದ ಒಳ್ಳೆಯ ಕ್ರೈಂ ಸಿನಿಮಾ ನಿಜವಾಗಿ ಕೆದಕುವುದು ಇದನ್ನು. ನಮ್ಮ ಹುಡುಗರ ಚಿತ್ರಕಥೆಯಲ್ಲಿ ಈ ಪ್ರಶ್ನೆ ಉಂಟು, ಅದಕ್ಕೇ ನಾನು ಅವರ ಪರ.

ಕಾಳಸಂತೆಯ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಯರ ಕೈಸೇರಿ ನಮ್ಮ ಕರಾವಳಿಗೆ ಬರ್ಮಾ ಅಕ್ಕಿ ನಿಂತುಹೋಯಿತು. ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲ ರೇಷನ್ನಿಗೆ ಬಂದ ಆ ಕಾಲದಲ್ಲಿ ಯಾರ ಉಗ್ರಾಣದಲ್ಲಿ ಮೂಟೆ ಇತ್ತು ಎಂಬುದೇ ಒಂದು ಸಿನಿಮಾಕ್ಕೆ ಸಾಕು. ನೀರು ಬೆರೆಸಿದ ಪೆನಿಸಿಲಿನ್ ಮಾರಿ ಮಕ್ಕಳನ್ನು ಬಲಿ ತೆಗೆದುಕೊಂಡ ದಂಧೆಕೋರನ ಕಥೆ ಹೇಳಿದ 1949ರ ‘ದಿ ಥರ್ಡ್ ಮ್ಯಾನ್’ ಯುದ್ಧ ಮುಗಿದ ವಿಯೆನ್ನಾದ್ದು. ಆದರೂ ಯುದ್ಧ ಮನುಷ್ಯನನ್ನು ಏನು ಮಾಡುತ್ತದೆ ಎಂದು ನನಗೆ ಅದು ಕಲಿಸಿದಷ್ಟು ಯಾವ ರಣರಂಗದ ಸಿನಿಮಾವೂ ಕಲಿಸಿಲ್ಲ.

ಥ್ರಿಲ್ಲರ್ ಮಾಡಿದರೆ ಯುದ್ಧ ಬರೀ ಹಿನ್ನೆಲೆಯ ಪರದೆಯಾಗುತ್ತದೆ ಎನ್ನುವವರಿದ್ದಾರೆ. ಅವರಿಗೆ ಬೇಕಾದ್ದು ಬಾವುಟ, ಬ್ಯಾಂಡು, ರೈಲು ನಿಲ್ದಾಣದಲ್ಲಿ ಅಳುವ ತಾಯಿ. ಸಿನಿಮಾ ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ. ಅಂಥವು ಬೇಕಾದಷ್ಟು ಬಂದಿವೆ, ಇನ್ನೂ ಬರುತ್ತವೆ. ಹಳೇ ಕಾಲದ ಕೋಟು ಹಾಕಿಸಿ ಕೆಟ್ಟ ಸಿನಿಮಾ ಮಾಡಿದರೆ ಅದು ಕೆಟ್ಟ ಸಿನಿಮಾ, ಅಷ್ಟೆ. ಅದಕ್ಕಾಗಿ ಆ ಬಗೆಯನ್ನೇ ಬೇಡವೆನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು. ಕಾಸರಗೋಡಿನ ನಾವು ಮಲಯಾಳದ ತನಿಖೆಯ ಸಿನಿಮಾಗಳನ್ನು ನೋಡಿ ನೋಡಿ ಕಣ್ಣು ಪಳಗಿಸಿಕೊಂಡವರು. ಪೊಲೀಸ್ ಠಾಣೆಯ ರೈಟರ್ ಹೇಗೆ ಕೂರುತ್ತಾನೆ, ಸಾಕ್ಷಿಯನ್ನು ಹೇಗೆ ಗದರುತ್ತಾನೆ ಎಂಬುದನ್ನೆಲ್ಲ ಅವರು ಎಷ್ಟು ನಂಬುವಂತೆ ತೋರಿಸುತ್ತಾರೆ! ಆ ಕಸುಬು ನೋಡಿ ಬೆಳೆದ ಹುಡುಗರು ಕನ್ನಡದಲ್ಲಿ, ಅದೂ ಈ ನೆಲದ 1943ನ್ನು ಇಟ್ಟುಕೊಂಡು ಬರೆಯುತ್ತಿದ್ದಾರೆ. ಗಡಿಯಲ್ಲಿರುವುದರಿಂದ ನಮಗೆ ಸಿಕ್ಕ ಲಾಭ ಇದು, ಬಳಸಿಕೊಳ್ಳಬೇಕು. ಆಗಿನ ಮಹಜರಿನ ಭಾಷೆ ಹೇಗಿರುತ್ತಿತ್ತು, ಸಹಿ ಬಾರದ ಪಂಚರು ಹೆಬ್ಬೆಟ್ಟು ಎಲ್ಲಿ ಒತ್ತುತ್ತಿದ್ದರು, ಇದನ್ನೆಲ್ಲ ತಿಳಿಯಬೇಕಿದ್ದರೆ ಅವರು ಯಾವತ್ತಾದರೂ ಸಂಜೆ ನನ್ನ ಆಫೀಸಿಗೆ ಬರಲಿ. ಕೂರಿಸಿಕೊಂಡು ಓದಿಸುತ್ತೇನೆ.

ವಿರೋಧ
ಯುದ್ಧದ ಕೊಲೆಗಾರ ಕೋಣೆಯೊಳಗೆ ಇರುವುದಿಲ್ಲ
(ನೀರ್ಚಾಲು ಕಡೆಯ ಒಬ್ಬ ಅಧ್ಯಾಪಕಿ)

ಸಂಪಾದಕರು ವಿರೋಧದ ಕಡೆಯಿಂದ ಬರೆದುಕೊಡಿ ಎಂದರು. ಥ್ರಿಲ್ಲರ್ ಎಂದರೆ ನನಗೂ ಇಷ್ಟ, ರಜೆಯಲ್ಲಿ ಮನೆಮಂದಿಯೆಲ್ಲ ಕೂತು ನೋಡುವುದು ಅದನ್ನೇ. ಹಾಗಾಗಿ ಇಡೀ ಬಗೆಯನ್ನೇ ಬೇಡವೆನ್ನುವಷ್ಟು ದೂರ ನಾನು ಹೋಗಲಾರೆ. ಆದರೆ ಯುದ್ಧವನ್ನು ಅದರೊಳಗೆ ತಂದಾಗ ನನಗೆ ಒಪ್ಪಿಗೆಯಾಗದ ಸಂಗತಿಗಳಿವೆ.

ಮೊದಲನೆಯದು ಎಲ್ಲರೂ ಹೇಳುವಂಥದ್ದೇ: ಯುದ್ಧ ಅಲಂಕಾರವಾಗುತ್ತದೆ. 2015ರ ಹಿಂದಿ ಸಿನಿಮಾ ‘ಡಿಟೆಕ್ಟಿವ್ ಬ್ಯೋಮಕೇಶ್ ಬಕ್ಷಿ’ 1943ರ ಕಲ್ಕತ್ತದಲ್ಲಿ ನಡೆಯುತ್ತದೆ. ಟ್ರಾಮು, ಸೈರನ್ನು, ಜಪಾನಿಯರ ಸಂಚು, ಅಫೀಮಿನ ದಂಧೆ ಎಲ್ಲ ಕಣ್ತುಂಬ ಇದೆ. ಅದೇ ವರ್ಷ ಅದೇ ಊರಿನ ಬೀದಿಗಳಲ್ಲಿ ಗಂಜಿ ತಿಳಿಗಾಗಿ ಬೇಡಿ ಸತ್ತವರ ಕಥೆ ಅದಲ್ಲ. ಪತ್ತೇದಾರ ಗೆಲ್ಲುತ್ತಾನೆ, ನಾವು ಖುಷಿಯಿಂದ ಏಳುತ್ತೇವೆ. ಎರಡನೆಯದು, ಹಿಂಸೆ ನೋಡಿ ನೋಡಿ ಮಕ್ಕಳ ಮನಸ್ಸು ಜಡ್ಡುಗಟ್ಟುತ್ತದೆ ಎಂಬುದು. ಶಾಲೆಯಲ್ಲಿ ಪಾಠ ಮಾಡುವ ನನಗೆ ಅದೂ ಕಾಣುತ್ತದೆ, ಆದರೆ ಅದಕ್ಕೆ ಯುದ್ಧದ ಸಿನಿಮಾವೇ ಆಗಬೇಕೆಂದಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆಯೇ. ಅದನ್ನು ಹೇಳಲು ನನ್ನ ಸೋದರಮಾವನ ವಿಷಯ ಹೇಳಬೇಕು.

ಮಾವ ಕುವೈತಿನ ಹವಲ್ಲಿಯಲ್ಲಿ ಒಂದು ಬಕಾಲದಲ್ಲಿ, ಎಂದರೆ ದಿನಸಿ ಅಂಗಡಿಯಲ್ಲಿ, ಕೆಲಸಕ್ಕಿದ್ದರು. ನಮ್ಮ ಕಡೆಯ ಪ್ರತಿ ಊರಿನಿಂದಲೂ ಹಾಗೆ ಹೋದವರಿದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಒಳಗೆ ಬಂತು. ಫೋನು ಸತ್ತಿತು, ಕಾಗದ ನಿಂತಿತು. ಇಲ್ಲಿ ಅಜ್ಜಿ ಮೂರು ಹೊತ್ತು ರೇಡಿಯೋದ ಪಕ್ಕದಲ್ಲೇ ಕೂರುತ್ತಿದ್ದರು. ಅಂಗಳದಲ್ಲಿ ಅಡಕೆ ಸುಲಿಯುವವರಿಗೂ ಸುದ್ದಿಯ ಹೊತ್ತಿಗೆ ಮಾತಾಡಬಾರದೆಂದು ಕಟ್ಟಪ್ಪಣೆ.

ಅಲ್ಲಿ ಮಾವನ ಕೋಣೆಯಲ್ಲಿ ಆರೇಳು ಮಂದಿ. ಕಫೀಲ, ಎಂದರೆ ಕೆಲಸಕ್ಕೆ ಕರೆಸಿಕೊಂಡ ಅಲ್ಲಿಯ ಯಜಮಾನ, ದೇಶ ಬಿಟ್ಟು ಓಡಿದ್ದ. ಅಂಗಡಿಯನ್ನು ಸೈನಿಕರು ದೋಚಿದ್ದರು. ಕೋಣೆಯಲ್ಲಿ ಉಪ್ಪಳದ ಕಡೆಯ ಒಬ್ಬ ಹುಡುಗನಿದ್ದ, ಅಂಗಡಿಯಲ್ಲಿ ಮಾವನ ಕೈಕೆಳಗೆ ಕೆಲಸಕ್ಕಿದ್ದವನು. ಒಂದು ಬೆಳಿಗ್ಗೆ ಕುಬ್ಬೂಸಿಗೆ, ಅಲ್ಲಿಯ ರೊಟ್ಟಿಗೆ, ಸಾಲು ನಿಲ್ಲಲು ಹೋದವನು ಹಿಂದೆ ಬರಲಿಲ್ಲ. ಬೇಕರಿಯ ಹತ್ತಿರ ಕೇಳಿದರು, ಆಸ್ಪತ್ರೆಯಲ್ಲಿ ಕೇಳಿದರು, ಚೆಕ್‌ಪೋಸ್ಟಿನಲ್ಲಿ ಕೇಳಲು ಹೋದವರಿಗೆ ಬಂದೂಕಿನ ಹಿಡಿಯಿಂದ ಪೆಟ್ಟು ಬಿತ್ತು. ಕೊನೆಗೆ ಬಸ್ಸು ಸಿಕ್ಕಿ, ಬಾಗ್ದಾದ್ ದಾಟಿ, ಜೋರ್ಡನ್ ಗಡಿಯ ಮರಳಿನಲ್ಲಿ ಡೇರೆಯಲ್ಲಿ ಬಿದ್ದಿದ್ದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತುವ ತನಕ ಆ ಹುಡುಗನ ಸೂಟ್‌ಕೇಸನ್ನು ಸರದಿಯ ಮೇಲೆ ಹೊತ್ತುಕೊಂಡು ಬಂದರು. ತಮ್ಮದೇ ಸಾಮಾನನ್ನು ಬಿಟ್ಟರು, ಅದನ್ನು ಬಿಡಲಿಲ್ಲ. ಬೀಗ ಕೆಟ್ಟಿದ್ದರಿಂದ ಯಾರದೋ ಲುಂಗಿ ಹರಿದು ಕಟ್ಟಿದ್ದರು. ಒಳಗೆ ತಂಗಿಯ ಮದುವೆಗೆಂದು ತೆಗೆದಿಟ್ಟ ಎರಡು ಸೀರೆ, ಟೈಗರ್ ಬಾಮ್, ಒಂದು ಟಾರ್ಚ್. ಅದನ್ನು ಉಪ್ಪಳಕ್ಕೆ ಹೋಗಿ ಕೊಟ್ಟುಬಂದದ್ದು ಮಾವನೇ. ಆ ಸಲ ಭಾರತೀಯರು ಸುಮಾರು 1,70,000 ಮಂದಿ ವಿಮಾನ ಹತ್ತಿ ಮರಳಿದರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಮರಳದವನು ನಮಗೆ ಗೊತ್ತಿದ್ದವನು ಅವನೊಬ್ಬ.

ಕೆಲವು ವರ್ಷಗಳ ಹಿಂದೆ ಸಿನಿಮಾಕ್ಕೆ ಕಥೆ ಹುಡುಕುತ್ತಿದ್ದ ಒಬ್ಬ ತರುಣ ಮಾವನ ಹತ್ತಿರ ಬಂದ. ಸಭ್ಯ ಹುಡುಗ, ಮಾವ ಎಂದೇ ಕರೆದು, ಕೊಟ್ಟ ಚಹಾ ಕುಡಿದು, ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೇಳಿದ. ಮಾವನೂ ಮನಸ್ಸು ಬಿಚ್ಚಿ ಹೇಳುತ್ತಿದ್ದರು. ಉಪ್ಪಳದ ಹುಡುಗನ ಸಂಗತಿ ಬಂದದ್ದೇ ಆತನ ಕಣ್ಣು ಅರಳಿತು.

“ಮಾವ, ಅಂಗಡಿಯ ಬೀಗದ ಕೈ ಆಗ ಯಾರ ಹತ್ತಿರ ಇತ್ತು?”

“ನನ್ನ ಹತ್ತಿರ.”

“ಗಲ್ಲಾದಲ್ಲಿ ಹಣ ಇತ್ತಾ? ಕೋಣೆಯಲ್ಲಿ ಅವನಿಗೆ ಯಾರ ಜೊತೆಗಾದರೂ ಜಗಳ ಆಗಿತ್ತಾ?”

ಮಾವ ಸ್ವಲ್ಪ ಹೊತ್ತು ಅವನ ಮುಖ ನೋಡಿದರು. “ತೋಟಕ್ಕೆ ನೀರು ಬಿಡಲಿಕ್ಕುಂಟು” ಎಂದು ಎದ್ದು ಹೋದರು. ಆ ದಿನದಿಂದ ಕುವೈತಿನ ವಿಷಯ ಅವರ ಬಾಯಲ್ಲಿ ಬಂದಿಲ್ಲ.

ಆ ತರುಣನ ಮೇಲೆ ನನಗೆ ಸಿಟ್ಟಿಲ್ಲ. ಅವನು ತನ್ನ ಕಥೆಗೆ ಬೇಕಾದ್ದನ್ನೇ ಕೇಳಿದ. ಥ್ರಿಲ್ಲರಿಗೆ ಕೊಲೆಗಾರ ಹತ್ತಿರದವನಾಗಿರಬೇಕು. ಕೋಣೆಯಲ್ಲಿ ಏಳು ಜನರಿದ್ದರೆ ಆರು ಜನರ ಮೇಲೆ ಅನುಮಾನ ಹುಟ್ಟಬೇಕು, ಇಲ್ಲದಿದ್ದರೆ ನೋಡುವವರು ಎದ್ದು ಹೋಗುತ್ತಾರೆ. ಆದರೆ ಆ ಹುಡುಗನನ್ನು ನುಂಗಿದ್ದು ಕೋಣೆಯೊಳಗಿನ ಯಾರೂ ಅಲ್ಲ, ಟ್ಯಾಂಕು ತಂದವರು. ಕೋಣೆಯಲ್ಲಿದ್ದವರು ಒಂದು ಕುಬ್ಬೂಸನ್ನು ಹರಿದು ಹಂಚಿ ತಿಂದವರು. ಅವರನ್ನು ಸಾಲಾಗಿ ನಿಲ್ಲಿಸಿ ಯಾರು ಮಾಡಿರಬಹುದೆಂದು ಪ್ರೇಕ್ಷಕರಿಂದ ಊಹೆ ಮಾಡಿಸುವುದು ನನಗೆ ಸಹಿಸದು. ಯುದ್ಧದಿಂದ ಬದುಕಿ ಬಂದವರೆಲ್ಲರ ಮನಸ್ಸಿನಲ್ಲಿ ನಾನೇ ಯಾಕೆ ಉಳಿದೆ ಎಂಬ ಮುಳ್ಳು ಮೊದಲೇ ಇರುತ್ತದೆ. ಸಿನಿಮಾ ಬಂದು ಅದನ್ನು ಇನ್ನಷ್ಟು ಆಳಕ್ಕೆ ಒತ್ತಬೇಕೆ?

ಪರವಾಗಿ ಬರೆಯುವವರು ಕಯ್ಯೂರನ್ನು ತಂದೇ ತರುತ್ತಾರೆಂದು ಗೊತ್ತು, ನಮ್ಮಲ್ಲಿ ಆ ಕಾಲದ ಮಾತು ಬಂದರೆ ಅದು ಬಾರದಿರುವುದಿಲ್ಲ. ಅದನ್ನೇ ತೆಗೆದುಕೊಳ್ಳಿ. ‘ಚಿರಸ್ಮರಣೆ’ ಓದಿದಾಗ ನಮಗೆ ಆ ರೈತರ ಮನೆ, ಗೇಣಿಯ ಕಷ್ಟ, ರಾತ್ರಿ ಶಾಲೆ, ಅವರು ಗಲ್ಲಿಗೆ ನಡೆದು ಹೋದದ್ದು ಎಲ್ಲ ಒಳಗಿಳಿಯುತ್ತದೆ. ಅದೇ ಘಟನೆಯನ್ನು ಥ್ರಿಲ್ಲರ್ ಮಾಡಿದರೆ ಕಥೆ ಹೊಳೆಯ ದಡದಿಂದ ಶುರುವಾಗಬೇಕು: ಕಲ್ಲು ಎಸೆದವರು ಯಾರು? ಗುಂಪಿನಲ್ಲಿ ಮುಂದೆ ಇದ್ದವನು ಯಾರು? ಯಾರು ಯಾರ ಹೆಸರು ಹೇಳಿದ? 1941ರಲ್ಲಿ ಊರಿನ ಮನೆಮನೆಗೆ ನುಗ್ಗಿ, ಜನರನ್ನು ಹೊಡೆದು ಬಡಿದು ಪೊಲೀಸರು ಕೇಳಿದ್ದು ಇದೇ ಪ್ರಶ್ನೆಗಳನ್ನು. ಹುಡುಗರು ಆ ಕಾಲದ ಬಗ್ಗೆ ಸಿನಿಮಾ ಮಾಡಲಿ, ನಾನೂ ಟಿಕೆಟು ತೆಗೆದುಕೊಂಡು ಹೋಗುತ್ತೇನೆ. ಆ ಪ್ರಶ್ನೆಗಳನ್ನು ಮಾತ್ರ ನಮ್ಮ ಭಾಷೆಯಲ್ಲಿ, ನಮ್ಮವರ ಬಾಯಿಂದ ಮತ್ತೆ ಕೇಳಿಸುವುದು ಬೇಡ.